ಬದುಕೋದು ಬ್ಯಾರೆ, ಕುಂತಿರೋದು ಬ್ಯಾರೆ

ನಮ್ಮ ಕಡೆ ಸಣ್ಣವರು ಕಾಲಿಗೆ ಬಿದ್ದರೆ "ನೂರು ವರ್ಷ ಬಾಳಪಾ" ಎಂದು ಹರಸುತ್ತೇವೆ. ಕೂಸು ಸೀನಿದರೂ "ನೂರು ವರ್ಷ" ಎನ್ನುತ್ತೇವೆ. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರಿಗೆ ಮೊದಲು 'ಚಿ.' ಎಂದು ಅಚ್ಚು ಹಾಕಿಸುತ್ತೇವೆ. ಚಿ. ಅಂದರೆ ಚಿರಂಜೀವಿ, ಬಹುಕಾಲ ಬಾಳುವವನು. ಮಂದಿ ಆ ಪತ್ರಿಕೆ ಓದುತ್ತಾರೆ, ಅಕ್ಷತೆ ಹಾಕುತ್ತಾರೆ, ಊಟ ಮಾಡಿ ಮುಯ್ಯಿ ಮಾಡಿ ಹೋಗುತ್ತಾರೆ. ಮದುಮಗ ಖರೇನೇ ಚಿರಂಜೀವಿ ಆಗಿಬಿಟ್ಟರೆ ಅವನ ಮಕ್ಕಳ ಗತಿ ಏನು, ಮೊಮ್ಮಕ್ಕಳ ಗತಿ ಏನು ಅಂತ ಯಾರೂ ವಿಚಾರ ಮಾಡೂದಿಲ್ಲ. ಆ ವಿಚಾರವನ್ನೇ ಇಲ್ಲಿ ಸ್ವಲ್ಪ ಮಾಡೋಣ.

ನಾನು ಏಳನೇ ಇಯತ್ತೆ ಕಲಿತವ. ಹಗಲು ಹೊಲ, ರಾತ್ರಿ ಗೀಗೀ ಪದ. ನಮ್ಮ ಮೇಳದ ಪದ್ಧತಿ ನಿಮಗೆ ಗೊತ್ತೇ ಅದ. ಒಂದು ಮೇಳದವರು ಸವಾಲು ಹಾಕಬೇಕು, ಎದುರಿನ ಮೇಳದವರು ಜವಾಬು ಕೊಡಬೇಕು. ಹಂಗೇ ಈ ಬರಹದಲ್ಲಿಯೂ ನಾನೇ ಸವಾಲು ಹಾಕಿ ನಾನೇ ಜವಾಬು ಹುಡುಕುತ್ತೇನೆ. ಜವಾಬು ಸರಿ ಅನಿಸದಿದ್ದರೆ ವಾಚನಾಲಯದ ಕಟ್ಟಿ ಮ್ಯಾಲೆ ಸಿಗುತ್ತೇನೆ, ಎದುರು ಹಾಡ್ರಿ.

ಮೊದಲನೇ ಸವಾಲು: ಭಾಳ ವರ್ಷ ಬದುಕಬೇಕು, ಮುಂದೆ ಏನೇನು ಆಗತದೋ ಎಲ್ಲಾ ಕಣ್ಣಿಲೆ ನೋಡಬೇಕು ಅನ್ನುವ ಆಸೆ ತಪ್ಪೋ, ಒಪ್ಪೋ?

ನಮ್ಮ ತತ್ವಪದಗಳನ್ನು ಕೇಳಿದರೆ ತಪ್ಪು ಎಂದೇ ಅನಿಸುತ್ತದೆ. ದೇಹ ಬಾಡಿಗಿ ಮನಿ, ಇವತ್ತು ಇದ್ದು ನಾಳೆ ಖಾಲಿ ಮಾಡೂದು ಅನ್ನುವ ಧಾಟಿಯ ಪದಗಳನ್ನು ನಾವು ನಡುರಾತ್ರಿ ತನಕ ಹಾಡುತ್ತೇವೆ. ಕೇಳುವವರು ಕಣ್ಣು ಒರೆಸಿಕೊಳ್ಳುತ್ತಾರೆ. ಬೆಳಗಾಗುತ್ತಲೇ ಹಾಡಿದವನೂ ಸಕ್ಕರಿ ಬ್ಯಾನಿಯ ಗುಳಗಿ ನುಂಗುತ್ತಾನೆ, ಕೇಳಿದವನೂ ಬಿ.ಪಿ. ಗುಳಗಿ ನುಂಗುತ್ತಾನೆ. ಇದರಲ್ಲಿ ಕಪಟ ಏನೂ ಇಲ್ಲ. ಬಾಡಿಗಿ ಮನಿಯೇ ಇರಲಿ, ಇರೋ ತನಕ ಮಳಿ ಸೋರದಂಗೆ ನೋಡಿಕೊಳ್ಳಬೇಕಲ್ಲ! ಇರಿವಿ ಕೂಡ ನೀರು ಬಂದರೆ ತತ್ತಿ ಹೊತ್ತುಕೊಂಡು ಓಡುತ್ತದೆ. ಬದುಕಬೇಕು ಅನ್ನೋದು ಜೀವದ ಜೋಡಿಯೇ ಹುಟ್ಟಿ ಬಂದದ್ದು.

ಕಠೋಪನಿಷತ್ತಿನಲ್ಲಿ ನಚಿಕೇತ ಎನ್ನುವ ಹುಡುಗನ ಕಥೆ ಇದೆ. ಯಮನು ಅವನಿಗೆ ಆಸೆ ತೋರಿಸುತ್ತಾನೆ: ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು ಕೇಳು, ನೀನು ಬೇಕಾದಷ್ಟು ವರ್ಷ ಬದುಕು, ಆದರೆ ಸಾವಿನ ಗುಟ್ಟು ಮಾತ್ರ ಕೇಳಬೇಡ ಅಂತ. ಹುಡುಗ ಒಲ್ಲೆ ಅನ್ನುತ್ತಾನೆ. ದೊಡ್ಡ ಮಾತು, ಕೈ ಮುಗಿಯಬೇಕು. ಆದರೆ ಒಂದು ಮಾತು ಹೇಳಲೇ? ನಚಿಕೇತನಿಗೆ ಮೊಮ್ಮಕ್ಕಳು ಇರಲಿಲ್ಲ. ಮೊಮ್ಮಗಳು ತೊದಲು ಮಾತಿನಾಗ "ಮುತ್ಯಾ" ಅಂತ ಕರೆದಾಗ, ಇವಳ ಲಗ್ನ ನೋಡಬೇಕು, ಇವಳು ಏನು ಆಗತಾಳೋ ನೋಡಬೇಕು ಅನಿಸೋದು ಬ್ಯಾರೆ ರೀತಿಯ ಆಸೆ. ಅದನ್ನು ಹೊಟ್ಟೆಬಾಕತನದ ಸಾಲಿನಲ್ಲಿ ಕೂಡಿಸೋದು ನ್ಯಾಯ ಅಲ್ಲ. ಹೀಗಾಗಿ ಮೊದಲನೇ ಸವಾಲಿಗೆ ನನ್ನ ಜವಾಬು: ಆಸೆ ತಪ್ಪಲ್ಲ.

ಎರಡನೇ ಸವಾಲು: ಹಂಗಾದರೆ ಆಯುಷ್ಯ ಎಲ್ಲಿಂದ ಸಿಗತದ?

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ಮಂದಿಯ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು. ಈಗ ಸುಮಾರು 70. ಇದನ್ನು ಕೇಳಿ, ಆಗ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಎಂದು ತಿಳಿಯಬಾರದು. ತೊಂಬತ್ತು ದಾಟಿದ ಮುತ್ಯಾ-ಆಯಿಗಳು ಆಗಲೂ ಇದ್ದರು. ಶಾಲೆಯ ಮಾಸ್ತರರು ಒಮ್ಮೆ ಇದನ್ನು ಬಿಡಿಸಿ ಹೇಳಿದರು. ಇಬ್ಬರು ಅಣ್ಣತಮ್ಮ ಹುಟ್ಟಿದರು ಅಂತ ತಿಳಿಯಿರಿ. ಒಬ್ಬ ತೊಟ್ಟಿಲಲ್ಲೇ ಹೋದ, ಇನ್ನೊಬ್ಬ ಎಪ್ಪತ್ತು ವರ್ಷ ಬಾಳಿದ. ಕೂಡಿಸಿ ಎರಡರಿಂದ ಭಾಗಿಸಿದರೆ ಬರೋದು ಮೂವತ್ತೈದು. ಅಂದರೆ ಆ 32ರ ಲೆಕ್ಕದ ಒಳಗೆ ಎಷ್ಟು ತೊಟ್ಟಿಲುಗಳು ಖಾಲಿ ಆಗಿದ್ದವು ನೋಡ್ರಿ. ನಮ್ಮ ಹಳೇ ಹೆಣ್ಣುಮಕ್ಕಳು ಎಷ್ಟು ಹಡೆದಿದ್ದಿ ಎಂದರೆ ಒಂದು ಲೆಕ್ಕ ಹೇಳುತ್ತಿದ್ದರು, ಎಷ್ಟು ಉಳಿದವು ಎಂದರೆ ಬೇರೊಂದು ಲೆಕ್ಕ ಹೇಳುತ್ತಿದ್ದರು.

ಆ ಸಾವುಗಳು ಕಡಿಮೆಯಾದದ್ದು ಹೇಗೆ? ಸಿಡುಬು, ನಾವು ಮೈಲಿ ಬ್ಯಾನಿ ಅನ್ನುತ್ತಿದ್ದೆವು, ಮಂದಿಯನ್ನು ಕೊಂದು ಉಳಿದವರ ಮುಖದ ಮೇಲೆ ಕುಳಿ ಬಿಟ್ಟು ಹೋಗುತ್ತಿತ್ತು. ದಾಕು ಹಾಕುವವರು ಊರೂರು ತಿರುಗಿ, ಅಂಜಿ ಅಟ್ಟ ಹತ್ತಿದವರನ್ನೂ ಹುಡುಕಿ ಹಾಕಿದರು. 1975ರ ನಂತರ ನಮ್ಮ ದೇಶದಲ್ಲಿ ಆ ರೋಗ ಕಾಣಲಿಲ್ಲ. 1980ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಎಂದು ಸಾರಿದರು. ನಾರುಹುಣ್ಣು ಇನ್ನೊಂದು. ಪಾವಟಿಗಿ ಬಾವಿಗೆ ಇಳಿದು ಕೊಡ ತುಂಬುವ ಊರುಗಳಲ್ಲಿ ಅದರ ಕಾಟ. ನೀರಿನಾಗಿನ ಸಣ್ಣ ಹುಳದ ಸಂಗಡ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಿನಿಂದ ದಾರದಂಗೆ ಹೊರಗೆ ಬರುತ್ತಿತ್ತು. ಆ ಕಾಲು ಮತ್ತೆ ಬಾವಿಗೆ ಇಳಿದರೆ ಊರಿಗೆಲ್ಲಾ ಹಂಚಿಕೆ. ಅದನ್ನು ಗೆದ್ದದ್ದು ಯಾವ ದೊಡ್ಡ ಔಷಧವೂ ಅಲ್ಲ. ನೀರನ್ನು ಅರಿವಿಯಲ್ಲಿ ಸೋಸುವುದು, ಕೊಳವೆಬಾವಿ ಹಾಕುವುದು, ಹುಣ್ಣಿದ್ದವರು ಬಾವಿಗೆ ಇಳಿಯದಂಗೆ ನೋಡುವುದು. 2000ನೇ ಇಸವಿಗೆ ಭಾರತ ಅದರಿಂದ ಮುಕ್ತವಾಯಿತು.

ಇದರಲ್ಲಿ ಒಂದು ಗುಟ್ಟು ಇದೆ. ನಾವು ಗಳಿಸಿದ ಈ ಆಯುಷ್ಯವನ್ನು ಯಾರೂ ತಮ್ಮೊಬ್ಬರಿಗೆ ಅಂತ ಗಳಿಸಲಿಲ್ಲ. ನಮ್ಮ ಮನಿಯವರಷ್ಟೇ ಸೋಸಿ ಕುಡಿದರೆ ಬಾವಿ ಶುದ್ಧ ಆಗೂದಿಲ್ಲ. ಊರೆಲ್ಲಾ ಸೋಸಬೇಕು. ಆಯುಷ್ಯ ಅನ್ನೋದು ಊರಬಾವಿಯ ನೀರು ಇದ್ದಂಗೆ.

ಈಗ ಶ್ರೀಮಂತ ದೇಶಗಳಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದಲ್ಲಿ ಜೇಮ್ಸ್ ಬೆಡ್‌ಫರ್ಡ್ ಎನ್ನುವ ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರು 1967ರ ಜನವರಿಯಲ್ಲಿ ತೀರಿಕೊಂಡರು. ಮುಂದೊಂದು ದಿನ ವೈದ್ಯವಿದ್ಯೆ ಬೆಳೆದು ತಮ್ಮನ್ನು ಎಬ್ಬಿಸಬಹುದು ಎಂದು, ಅವರ ಇಚ್ಛೆಯಂತೆ ದೇಹವನ್ನು ಹೆಪ್ಪುಗಟ್ಟಿಸಿ ಇಟ್ಟರು. ದ್ರವರೂಪದ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಥಂಡಿಯಲ್ಲಿ, ಆ ದೇಹ ಈಗಲೂ ಇದೆ. ಅವರ ನಂತರ ಎಷ್ಟೋ ಜನ ಹಂಗೇ ಮಾಡಿಸಿಕೊಂಡರು. ಇಲ್ಲಿತನಕ ಒಬ್ಬರೂ ಎದ್ದಿಲ್ಲ.

ಇದನ್ನು ಕೇಳಿ ನಮ್ಮ ಮಂದಿ ನಗುತ್ತಾರೆ. ನಾನು ನಗಲಿಲ್ಲ, ಯಾಕೆಂದರೆ ಒಕ್ಕಲುತನದವರು ಪ್ರತಿ ವರ್ಷ ಇಂಥಾದ್ದನ್ನೇ ನಂಬಿ ಬದುಕುತ್ತೇವೆ. ಒಣಗಿದ ಕಾಳನ್ನು ಬೂದಿ ಹಚ್ಚಿ ಗಡಿಗೆಯಲ್ಲಿ ಮುಚ್ಚಿಡುತ್ತೇವೆ. ಮುಂದಿನ ವರ್ಷ ಅದು ಏಳುತ್ತದೆ. ಇಸ್ರೇಲ್ ದೇಶದ ಮಸಾಡಾ ಎಂಬ ಹಳೇ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷದ ಖರ್ಜೂರದ ಬೀಜವನ್ನು 2005ರಲ್ಲಿ ನೆಟ್ಟಾಗ ಮೊಳಕೆ ಒಡೆಯಿತು, ಗಿಡವಾಯಿತು. ಬೀಜಕ್ಕೆ ಆ ಶಕ್ತಿ ಇದೆ. ಆದರೆ ಬೀಜಕ್ಕೂ ಮನುಷ್ಯನಿಗೂ ಒಂದು ಫರಕು ಇದೆ. ಬೀಜ ಎದ್ದಾಗ ಅದಕ್ಕೆ ಬೇಕಾದ್ದು ಮಣ್ಣು, ನೀರು, ಬಿಸಿಲು. ಮನುಷ್ಯ ಎದ್ದಾಗ ಅವನಿಗೆ ಬೇಕಾದ್ದು ಇಷ್ಟೇ ಅಲ್ಲ, "ಓ, ಬಂದ್ಯಾ?" ಅನ್ನುವ ಒಂದು ಬಾಯಿ ಬೇಕು. ಹೆಂಡತಿ ಇಲ್ಲ, ಗೆಳೆಯರಿಲ್ಲ, ಮಕ್ಕಳಿಲ್ಲ, ಆಡುವ ಮಾತೂ ಬದಲಾಗಿದೆ. ಎದ್ದು ಯಾರ ಮನಿಗೆ ಹೋಗಬೇಕು?

ನಮ್ಮ ಪುರಾಣದವರಿಗೆ ಇದು ಮೊದಲೇ ಗೊತ್ತಿತ್ತು. ಏಳು ಮಂದಿ ಚಿರಂಜೀವಿಗಳ ಸಾಲಿನಲ್ಲಿ ಹನುಮಂತನೂ ಇದ್ದಾನೆ, ಅಶ್ವತ್ಥಾಮನೂ ಇದ್ದಾನೆ. ಇಬ್ಬರಿಗೂ ಉದ್ದ ಆಯುಷ್ಯ. ಒಬ್ಬನಿಗೆ ಅದು ವರ, ಇನ್ನೊಬ್ಬನಿಗೆ ಅದೇ ಶಾಪ. ಮಲಗಿದವರನ್ನು ಕೊಂದ, ಗರ್ಭದ ಕೂಸಿನ ಮೇಲೆ ಅಸ್ತ್ರ ಬಿಟ್ಟ ಅಶ್ವತ್ಥಾಮನಿಗೆ ಕೃಷ್ಣ ಕೊಟ್ಟ ಶಿಕ್ಷೆ ಸಾವಲ್ಲ, ಆಯುಷ್ಯ! ಮೂರು ಸಾವಿರ ವರ್ಷ ಒಬ್ಬಂಟಿಯಾಗಿ, ಯಾರೊಡನೆಯೂ ಮಾತಿಲ್ಲದೆ ತಿರುಗು ಅಂತ. ಹನುಮಂತನದು ಹಂಗಲ್ಲ. ರಾಮನ ಕಥೆ ನಡೆಯುವ ಕಡೆಯೆಲ್ಲಾ ಅವನು ಬಂದು ಕೂಡುತ್ತಾನೆ ಅಂತ ನಂಬಿಕೆ. ಅವನಿಗೆ ಕೇಳಲು ಕಥೆ ಇದೆ, ಕೂಡಲು ಮಂದಿ ಇದ್ದಾರೆ. ವರ್ಷಗಳು ಎಷ್ಟು ಅನ್ನೋದರ ಮೇಲೆ ವರ-ಶಾಪ ನಿಂತಿಲ್ಲ. ಮಂದಿ ನಡುವೆ ಇದ್ದೀಯೋ ಇಲ್ಲೋ ಅನ್ನೋದರ ಮೇಲೆ ನಿಂತದ.

ಇನ್ನು ಮೂರನೇ ಸವಾಲು. ಇದೇ ದೊಡ್ಡದು. ನಾನು ಉದ್ದ ಬದುಕಿದರೆ ನನ್ನ ಹಿಂದಿನವನಿಗೆ ಏನಾಗತದ?

ಯಯಾತಿಯ ಕಥೆ ಎಲ್ಲರಿಗೂ ಗೊತ್ತು. ಶಾಪದಿಂದ ಮುಪ್ಪು ಬಂದಾಗ ಮಕ್ಕಳ ಮುಂದೆ ನಿಂತು ಯೌವನ ಬೇಡಿದ. ಹಿರಿಯರೆಲ್ಲಾ ಒಲ್ಲೆ ಅಂದರು, ಸಣ್ಣವ ಪುರು ಹೂಂ ಅಂದ. ಯಯಾತಿ ಸಾವಿರ ವರ್ಷ ಸುಖಪಟ್ಟು, ಕಡೆಗೆ ಆಸೆ ಉಂಡಷ್ಟೂ ಹೆಚ್ಚುತ್ತದೆ ಎಂದು ತಿಳಿದು, ಯೌವನ ತಿರುಗಿ ಕೊಟ್ಟು ಪುರುವಿಗೆ ಪಟ್ಟ ಕಟ್ಟಿದ. ಪುರಾಣ ಹೇಳುವವರು ಯಯಾತಿಗೆ ಬಂದ ಜ್ಞಾನದ ಬಗ್ಗೆ ತಾಸುಗಟ್ಟಲೆ ಹೇಳುತ್ತಾರೆ. ಆ ಸಾವಿರ ವರ್ಷ ಪುರು ಏನು ಮಾಡಿದ ಅಂತ ಯಾರೂ ಕೇಳುವುದಿಲ್ಲ. ಅವನು ಸುಮ್ಮನೆ ಮುದುಕನಾಗಿ ಕುಂತ. ಅಪ್ಪನಿಗೆ ಜ್ಞಾನ ಬರೋ ತನಕ ಕಾಯ್ದ.

ಪುರುವನ್ನು ನೋಡಲು ಪುರಾಣಕ್ಕೆ ಹೋಗಬೇಕಾಗಿಲ್ಲ. ನಮ್ಮ ಗಡಿನಾಡಿನ ಯಾವ ಹಳ್ಳಿಗೆ ಬೇಕಾದರೂ ಹೋಗ್ರಿ. ಹಿಂದೆ ಅಪ್ಪ ಐವತ್ತು ಐವತ್ತೈದಕ್ಕೆ ಹೋಗಿಬಿಡುತ್ತಿದ್ದ. ಮಗನಿಗೆ ಮೂವತ್ತರ ಒಳಗೇ ಕೂರಿಗಿ, ಕೀಲಿಕೈ ಎರಡೂ ಸಿಗುತ್ತಿದ್ದವು. ಈಗ ಅಪ್ಪನಿಗೆ ಎಂಬತ್ತು, ದೇವರ ದಯದಿಂದ ಗಟ್ಟಿ ಇದ್ದಾನೆ. ಮಗನಿಗೆ ಐವತ್ತೈದು. ಮೊಮ್ಮಗನಿಗೆ ಮೂವತ್ತು. ಸಾತ್‌ಬಾರಾ ಉತಾರದಲ್ಲಿ ಹೆಸರು ಇನ್ನೂ ಮುತ್ಯಾನದು. ಉತಾರದಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ. ದಾಳಿಂಬಿ ಹಚ್ಚಬೇಕು ಎಂದರೂ ಮುತ್ಯಾನ ಸಹಿ, ಬೋರ್ ಹೊಡೆಸಬೇಕು ಎಂದರೂ ಮುತ್ಯಾನ ಸಹಿ. ಐವತ್ತೈದು ವರ್ಷದ ಮಗ ಸಂತಿಗೆ ಹೋಗುವಾಗ ಅಪ್ಪನ ಮುಂದೆ ಕೈ ಚಾಚುತ್ತಾನೆ. ಮೊಮ್ಮಗ ಇದನ್ನೆಲ್ಲಾ ನೋಡಿ ಪುಣೆಯ ಗಾಡಿ ಹತ್ತುತ್ತಾನೆ. ಆಮೇಲೆ ಮುತ್ಯಾ ಅಗಸಿ ಕಟ್ಟಿ ಮೇಲೆ ಕುಂತು, "ಈಗಿನ ಹುಡುಗರಿಗೆ ಭೂಮಿ ಮೇಲೆ ಪ್ರೀತಿ ಇಲ್ಲ" ಅನ್ನುತ್ತಾನೆ.

ನಿಲ್ಲ್ರಿ, ಎದುರು ಮೇಳದ ಜವಾಬೂ ಕೇಳಬೇಕು. ಮುತ್ಯಾನ ಅಂಜಿಕೆ ಸುಳ್ಳಲ್ಲ. ಹೆಸರು ದಾಟಿಸಿದ ಮರುದಿನದಿಂದ ತಾಟಿನ ರೊಟ್ಟಿ ತೆಳುವಾದ ಮನಿಗಳನ್ನು ನಾವು ನೋಡಿದ್ದೇವೆ. ಆಸ್ತಿ ಹಂಚಿ, ತಿಂಗಳಿಗೆ ಒಬ್ಬ ಮಗನ ಮನಿಯಂತೆ ಗಂಟು ಹೊತ್ತು ತಿರುಗುವ ಅವ್ವಂದಿರನ್ನೂ ನೋಡಿದ್ದೇವೆ. ಇದು ಊರಿಗೊಂದು ಮನಿಯ ಮಾತಲ್ಲ ಅಂತಲೇ 2007ರಲ್ಲಿ ದೇಶದಲ್ಲಿ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಮಾಡಬೇಕಾಯಿತು. ನೋಡಿಕೊಳ್ಳಬೇಕು ಎಂಬ ಕರಾರಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಿಕೊಳ್ಳಲು ಆ ಕಾಯ್ದೆಯಲ್ಲಿ ದಾರಿ ಇದೆ. ಆ ಕರಾರು ಕಾಗದದಲ್ಲಿಯೇ ಇರಬೇಕು, ಬಾಯಿಮಾತು ನಂಬಬಾರದು. ಇದು ಹಿರಿಯರೆಲ್ಲಾ ತಿಳಿದಿರಬೇಕಾದ ಸಂಗತಿ.

ಹಾಗಾದರೆ ಎರಡೂ ಕಡೆಯವರ ನಡುವೆ ದಾರಿ ಎಲ್ಲಿದೆ? ಹೊಲದ ಹೆಸರು ಬೇರೆ, ಹೊಲದ ಮಾತು ಬೇರೆ. ಮುಪ್ಪಿನ ಕೂಳಿಗೆ ಬೇಕಾದಷ್ಟು ಹೆಸರಿನಲ್ಲಿ ಇಟ್ಟುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಏನು ಬಿತ್ತಬೇಕು, ಯಾವಾಗ ಬಿತ್ತಬೇಕು, ಯಾವ ಪ್ಯಾಟಿಗೆ ಒಯ್ಯಬೇಕು ಅನ್ನುವ ಮಾತು ಮಗನಿಗೆ ಸೇರಬೇಕು. ಕೇಳಿದರೆ ಬುದ್ಧಿ ಹೇಳಲಿ, ಕೇಳದಿದ್ದರೆ ಬದುವಿನ ಮೇಲೆ ನಿಂತು ನೋಡಲಿ.

ಇಲ್ಲಿಗೆ ನನ್ನ ಮುಖ್ಯ ಮಾತು ಬಂತು. ಬದುಕೋದು ಬ್ಯಾರೆ, ಕುಂತಿರೋದು ಬ್ಯಾರೆ. ಆಯುಷ್ಯ ಎಷ್ಟು ಬೇಕಾದರೂ ಬೇಡಿಕೊಳ್ಳಲಿ, ಜಾಗ ಮಾತ್ರ ಹಿಡಿದು ಕೂಡಬಾರದು. ಸೊಸಾಯಿಟಿ ಚೇರಮನ್ನನ ಖುರ್ಚಿ ಇರಲಿ, ಗುಡಿಯ ಪಂಚಕಮಿಟಿ ಇರಲಿ, ಮನಿಯ ಕೀಲಿಕೈ ಇರಲಿ, ಮೇಳದಾಗ ಮುಂದಿನ ಸಾಲು ಇರಲಿ. ಉದ್ದ ಆಯುಷ್ಯದ ಭಾರ ಭೂಮಿತಾಯಿಗೆ ತಾಗೂದಿಲ್ಲ, ಖಾಲಿಯಾಗದ ಖುರ್ಚಿಯ ಭಾರ ಹಿಂದೆ ನಿಂತವನಿಗೆ ತಾಗತದ.

ಇಂಥ ಮಾತು ಬಂದಾಗ ಹಿರಿಯರು ಮಾವಿನ ಸಸಿ ನೆಟ್ಟ ಮುದುಕನ ಕಥೆ ಹೇಳುತ್ತಾರೆ. ಹಣ್ಣು ತಾನು ತಿನ್ನದಿದ್ದರೂ ಮೊಮ್ಮಕ್ಕಳಿಗೆ ಅಂತ ನೆಟ್ಟ ಅಂತ. ಒಳ್ಳೆ ಕಥೆ. ಆದರೆ ಗಿಡ ಕೊಡುವುದು ಹಗೂರ, ಜಾಗ ಬಿಡುವುದು ಕಠಿಣ. ಮಾವು ನೆಟ್ಟವನೇ, ಮೊಮ್ಮಗ ಅದೇ ಹೊಲದಾಗ ಬೇರೆ ಗಿಡ ಹಚ್ಚುತ್ತೇನೆ ಅಂದರೆ ಬಡಿಗಿ ಹಿಡಿದು ಏಳುತ್ತಾನೆ. ತನ್ನ ನಂತರವೂ ಲೋಕ ತಾನು ಹೇಳಿದಂಗೇ ಇರಬೇಕು ಅನ್ನೋದು ಭವಿಷ್ಯ ನೋಡುವ ಆಸೆ ಅಲ್ಲ, ಭವಿಷ್ಯವನ್ನು ಕಟ್ಟಿ ಹಾಕುವ ಆಸೆ.

ಜಾಗ ಬಿಟ್ಟವನಿಗೆ ಒಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅವನಿಗೆ ಭವಿಷ್ಯ ಬದುಕಿರುವಾಗಲೇ ಕಾಣುತ್ತದೆ. ನಮ್ಮ ಮೇಳದಲ್ಲಿ ನಾನು ಮುಮ್ಮೇಳ ಬಿಟ್ಟು ಹಿಮ್ಮೇಳಕ್ಕೆ ಸರಿದು ಕೆಲವು ವರ್ಷವಾಯಿತು. ದಪ್ಪು ಹುಡುಗರ ಕೈಗೆ ಕೊಟ್ಟೆ, ತುಂತುಣಿ ನಾನು ಹಿಡಿದೆ. ಅದೇ ಪದ, ಆದರೆ ಹುಡುಗರು ಎತ್ತಿಕೊಳ್ಳುವ ರೀತಿ ಬೇರೆ. ಎರಡನೇ ನುಡಿಗೆ ಲಯ ಏರಿಸುತ್ತಾರೆ, ನಾವು ಎಳೆಯುತ್ತಿದ್ದ ಕಡೆ ಕತ್ತರಿಸಿ ನಿಲ್ಲಿಸುತ್ತಾರೆ, ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸುತ್ತಾರೆ. ಕೆಲವು ನನಗೆ ಸೇರುತ್ತವೆ, ಕೆಲವು ಸೇರುವುದಿಲ್ಲ. ಆದರೆ ನಾನು ಸತ್ತ ಮೇಲೆ ಈ ಪದ ಹ್ಯಾಂಗ ಇರತದ ಅನ್ನೋದನ್ನು ನಾನು ಕಿವಿಯಾರೆ ಕೇಳಿದೆ. ಮುಂದಿನ ಸಾಲಿನಲ್ಲೇ ಕುಂತಿದ್ದರೆ ನನ್ನ ದನಿ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ನೋಡುವ ಆಸೆ ಇದ್ದವನಿಗೆ ಗುಂಡಿಗಿಯೂ ಗಟ್ಟಿ ಇರಬೇಕು. ಮುಂದಿನ ಕಾಲ ತರುವುದಷ್ಟೇ ಅಲ್ಲ, ಒಯ್ಯುತ್ತದೆ ಕೂಡ. ಸುಗ್ಗಿಯಲ್ಲಿ ಕಣದಾಗ ಎತ್ತು ತಿರುಗಿಸುತ್ತ ರಾತ್ರಿಯೆಲ್ಲಾ ಹಂತಿ ಪದ ಹಾಡುತ್ತಿದ್ದೆವು. ರಾಶಿ ಮಾಡುವ ಮಷೀನು ಬಂತು. ಒಂದು ತಾಸಿನಲ್ಲಿ ಕೆಲಸ ಮುಗಿಯಿತು, ಪದಕ್ಕೆ ನಿಲ್ಲಲು ಕಣವೇ ಉಳಿಯಲಿಲ್ಲ. ಮಷೀನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ಎತ್ತಿನ ಹಿಂದೆ ರಾತ್ರಿಯೆಲ್ಲಾ ತಿರುಗಿದ ಕಾಲುಗಳ ನೋವು ನನಗೆ ಗೊತ್ತು. ಅರವತ್ತು ವರ್ಷದಾಗ ಇಷ್ಟು ಹೋದವು. ಇನ್ನೂರು ವರ್ಷ ಬದುಕಿದರೆ ಎಷ್ಟು ಹೋಗೋದನ್ನು ನೋಡಬೇಕೋ! ಅದಕ್ಕೂ ತಯಾರಿದ್ದವನು ಮಾತ್ರ ಆ ವರ ಬೇಡಬೇಕು.

ಕಡೆಯ ಸವಾಲು: ಜಾಗ ಬಿಟ್ಟೆವು, ಸರಿ. ಆದರೂ ನಾವು ಕಾಣದ ಕಾಲವನ್ನು ನೋಡಬೇಕು ಅನ್ನುವ ಹಂಬಲ ಉಳಿದೇ ಉಳಿಯತದ. ಅದಕ್ಕೇನು ಮಾಡಬೇಕು?

ಇದಕ್ಕೆ ನನಗೆ ಸಿಕ್ಕ ಜವಾಬು ಇಂಗ್ಲೆಂಡ್ ದೇಶದ ಎಡ್ಮಂಡ್ ಹ್ಯಾಲಿ ಎಂಬ ಖಗೋಳ ಪಂಡಿತನ ಬದುಕು. 1682ರಲ್ಲಿ, ತನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ, ಅವನು ಒಂದು ಬಾಲದ ಚುಕ್ಕಿಯನ್ನು ನೋಡಿದ. ಹಳೇ ದಾಖಲೆ ತೆಗೆದು ನೋಡಿದರೆ 1531ರಲ್ಲಿಯೂ 1607ರಲ್ಲಿಯೂ ಅಂಥದ್ದೇ ಚುಕ್ಕಿ ಬಂದಿತ್ತು. ಇವು ಮೂರಲ್ಲ, ಒಂದೇ ಚುಕ್ಕಿ ಸುಮಾರು 75-76 ವರ್ಷಕ್ಕೊಮ್ಮೆ ತಿರುಗಿ ಬರುತ್ತಿದೆ ಎಂದು ಲೆಕ್ಕ ಹಾಕಿದ. ಮತ್ತೆ 1758ರಲ್ಲಿ ಬರುತ್ತದೆ ಎಂದು 1705ರಲ್ಲಿ ಬರೆದು ಅಚ್ಚು ಹಾಕಿಸಿದ. ಆಗ ಅವನಿಗೆ ನಲವತ್ತೆಂಟು. 1758ಕ್ಕೆ ನೂರು ದಾಟಬೇಕು. ತಾನು ನೋಡುವುದಿಲ್ಲ ಎಂದು ಅವನಿಗೆ ಗೊತ್ತಿರಲೇಬೇಕು. ಎಂಬತ್ತೈದು ವರ್ಷ ಬಾಳಿ 1742ರಲ್ಲಿ ತೀರಿಕೊಂಡ.

ಕಾಲ ಹತ್ತಿರ ಬಂದಾಗ ಫ್ರಾನ್ಸಿನ ಮೂವರು, ಕ್ಲೆರೋ, ಲಲಾಂಡ್ ಮತ್ತು ಲಪೋತ್ ಎಂಬ ಹೆಣ್ಣುಮಗಳು, ಕುಂತು ಲೆಕ್ಕವನ್ನು ಮತ್ತೆ ಮಾಡಿದರು. ಗುರುಗ್ರಹ ಮತ್ತು ಶನಿಗ್ರಹದ ಸೆಳೆತದಿಂದ ಚುಕ್ಕಿಗೆ ತಡವಾಗುತ್ತದೆ, ಸೂರ್ಯನ ಹತ್ತಿರ ಬರುವುದು 1759ಕ್ಕೆ ಎಂದು ತಿದ್ದಿದರು. (ಶನಿಯ ಕಾಟ ಚುಕ್ಕಿಗೂ ತಪ್ಪಲಿಲ್ಲ ನೋಡ್ರಿ!) ಕಡೆಗೆ 1758ರ ಡಿಸೆಂಬರ್ 25ರ ರಾತ್ರಿ ಆ ಚುಕ್ಕಿಯನ್ನು ಎಲ್ಲರಿಗಿಂತ ಮೊದಲು ಕಂಡವರು ಯಾರು? ಯಾವ ಅರಮನೆಯ ಪಂಡಿತನೂ ಅಲ್ಲ. ಜರ್ಮನಿಯ ಡ್ರೆಸ್‌ಡೆನ್ ಊರಿನ ಹತ್ತಿರದ ಹಳ್ಳಿಯ ಒಬ್ಬ ಒಕ್ಕಲುತನದವ, ಯೋಹಾನ್ ಪಾಲಿಚ್ ಅಂತ. ಹೊಲ ಮಾಡುತ್ತಾ ತನ್ನಷ್ಟಕ್ಕೆ ಓದಿ ಕಲಿತು ಆಕಾಶ ನೋಡುತ್ತಿದ್ದವ. ಹ್ಯಾಲಿ ಸತ್ತು ಹದಿನಾರು ವರ್ಷದ ಮೇಲೆ, ಅವನ ಕಣ್ಣಿಗೆ ಬದಲಾಗಿ ಒಬ್ಬ ರೈತನ ಕಣ್ಣು ಅದನ್ನು ನೋಡಿತು.

ಹ್ಯಾಲಿಗೆ ಆ ಚುಕ್ಕಿಯನ್ನು ಮತ್ತೆ ನೋಡುವ ಆಸೆ ಇರಲಿಲ್ಲವೇ? ಇದ್ದೇ ಇರಬೇಕು. ಆಸೆ ಇಲ್ಲದವನು ಅಷ್ಟು ಲೆಕ್ಕ ಮಾಡುವುದಿಲ್ಲ. ಆಸೆ ತೀರಿತೇ? ತೀರಲಿಲ್ಲ. ಇದನ್ನು ಬೆಲ್ಲ ಸವರಿ ಹೇಳಬಾರದು. ನೋಡದೆ ಹೋಗೋದು ಅಂದರೆ ನೋಡದೆ ಹೋಗೋದೇ. ಆದರೆ ಅವನು ಆಸೆಯನ್ನು ಎದಿಯಾಗ ಇಟ್ಟುಕೊಂಡು ಕೊರಗಲಿಲ್ಲ, ಕಾಗದದ ಮೇಲೆ ಬರೆದು ಮುಂದಿನವರ ಕೈಗೆ ಇಟ್ಟ. ಆ ಕಾಗದ ಇಲ್ಲದಿದ್ದರೆ ಪಾಲಿಚ್ ಯಾವ ಚುಕ್ಕಿಗೆ ಕಾಯಬೇಕಿತ್ತು?

ನಮ್ಮ ನಾಡಿನಲ್ಲಿಯೂ ಹಂಗೆ ಮಾಡಿದವರಿದ್ದಾರೆ. ಸೊಲ್ಲಾಪುರದ ಸಿದ್ಧರಾಮ 12ನೇ ಶತಮಾನದಲ್ಲಿ ಮಂದಿಯನ್ನು ಕೂಡಿಸಿ ಕೆರೆ ಕಟ್ಟಿಸಿದ. ಆ ಕೆರೆ ಈಗಲೂ ಗುಡಿಯ ಸುತ್ತ ನಿಂತಿದೆ. ನಾವು ಉಣ್ಣುವ ಮಾಲದಂಡಿ ಜೋಳವನ್ನು ಮೋಹೋಳದಲ್ಲಿ ತೆನಿ ತೆನಿ ಆರಿಸಿ ತಳಿ ಮಾಡಿದವರು ಸ್ವಾತಂತ್ರ್ಯಕ್ಕೂ ಮೊದಲಿನವರು. ಅವರ ಹೆಸರು ನಮ್ಮ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅವರ ಜೋಳದ ರೊಟ್ಟಿ ಗೊತ್ತಿಲ್ಲದವರು ಒಬ್ಬರೂ ಇಲ್ಲ.

ಆ ಹ್ಯಾಲಿಯ ಚುಕ್ಕಿ 1910ರಲ್ಲಿ ಬಂದಾಗ ಜಗತ್ತಿನ ಎಷ್ಟೋ ಕಡೆ ಮಂದಿ ಪ್ರಳಯವಾಗುತ್ತದೆ ಎಂದು ಅಂಜಿದ್ದರು. 1986ರಲ್ಲಿ ಬಂದಾಗ ನನಗೆ ಇಪ್ಪತ್ತಾರು. ಆ ಸಲ ಅದು ಭೂಮಿಯಿಂದ ದೂರ ಹಾಯ್ದು ಹೋಯಿತು, ಬರಿಗಣ್ಣಿಗೆ ಮಸುಕು. ಇನ್ನೊಮ್ಮೆ ಬರುವುದು 2061ರ ಜುಲೈ ತಿಂಗಳ ಸುಮಾರಿಗೆ. ಆಗ ನನಗೆ ನೂರಾ ಒಂದು. ಸರ್ ಎಂ. ವಿಶ್ವೇಶ್ವರಯ್ಯನವರು ನೂರು ದಾಟಿ 1962ರ ತನಕ ಬಾಳಿದ್ದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿದರು. ಫ್ರಾನ್ಸಿನ ಜೀನ್ ಕಾಲ್ಮಾಂ ಎಂಬ ಅಜ್ಜಿ 122 ವರ್ಷ ಬಾಳಿ 1997ರಲ್ಲಿ ಹೋದಳು. ಆಗೂದೇ ಇಲ್ಲ ಅಂತಲ್ಲ. ಆದರೆ ನನ್ನ ಸಕ್ಕರಿ ಬ್ಯಾನಿ ಇದಕ್ಕೆ ಒಪ್ಪುವ ಲಕ್ಷಣ ಕಾಣೂದಿಲ್ಲ.

ನನಗೆ ನೋಡುವ ಆಸೆ ಚುಕ್ಕಿಯದಷ್ಟೇ ಅಲ್ಲ. ಕೃಷ್ಣಾ ನದಿಯ ನೀರನ್ನು ಮ್ಹೈಸಾಳದಲ್ಲಿ ಎತ್ತಿ ಜತ್ತ ತಾಲೂಕಿನ ಕಡೆ ತರುವ ಮಾತನ್ನು ನಮ್ಮ ಹಿರಿಯರು ಕೇಳಿ ಕೇಳಿಯೇ ಹೋದರು. 1972ರ ಬರಗಾಲದಲ್ಲಿ ನನಗೆ ಹನ್ನೆರಡು ವರ್ಷ. ದೊಡ್ಡವರು ರಸ್ತೆಯ ಮೇಲೆ ಕಲ್ಲು ಒಡೆಯುತ್ತಿದ್ದರು, ನಾವು ಸುಕಡಿ ತಿನ್ನಲು ಸಾಲು ನಿಲ್ಲುತ್ತಿದ್ದೆವು. ಪೂರ್ವದ ಹಳ್ಳಿಗಳ ಕಡೇ ಹೊಲಕ್ಕೂ ನೀರು ಹರಿಯುವುದನ್ನು ನೋಡಬೇಕು. ಪುಣೆಗೆ ಹೋದ ಹುಡುಗರು ತಿರುಗಿ ಬರುತ್ತಾರೋ ಇಲ್ಲೋ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಭಾಷೆ ಏನಾಗುತ್ತದೆ ಎಂದು ನೋಡಬೇಕು. ಇಲ್ಲಿ ಮನಿಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಎರಡೂ ನಮ್ಮವೇ, ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇನ್ನೂ ನಡೆದಿವೆ. ಆದರೆ ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಬಂದು ಹಾರ್ನ್ ಹೊಡೆದಾಗ ಎಷ್ಟು ಮನಿಯಿಂದ ಹುಡುಗರು ಓಡಿ ಬರುತ್ತಾರೆ ಎಂದು ನಾವೆಲ್ಲಾ ನೋಡುತ್ತಿದ್ದೇವೆ. ಅವರನ್ನು ಕಳಿಸುವ ತಂದೆತಾಯಿಗೆ ಹೊಟ್ಟೆಯ ಚಿಂತೆ ಇದೆ, ಅದನ್ನು ಬೈಯುವ ಹಕ್ಕು ನನಗಿಲ್ಲ. ಇಲ್ಲಿಯೂ ನಾನು ಹೇಳಿದ ಮಾತೇ ನನಗೆ ಅಡ್ಡ ಬರುತ್ತದೆ. ಮುಂದಿನವರ ಕಾಲವನ್ನು ನಾನು ಕಟ್ಟಿ ಹಾಕಬಾರದು. ಬೇಕಾದ್ದನ್ನು ಅವರ ಕೈಗೆ ಸಿಗುವಂಗೆ ಇಡಬಹುದು, ಅಷ್ಟೇ.

ಅದಕ್ಕೆ ವಾಚನಾಲಯದ ಹುಡುಗರಿಗೆ ಒಂದು ಕೆಲಸ ಹಚ್ಚುತ್ತೇನೆ. ಒಳಗಿನ ಗ್ವಾಡಿಯ ಮೇಲೆ, ಸುಣ್ಣ ಹಚ್ಚುವಾಗ ಅಳಿಸಿ ಹೋಗದಂಗೆ, ಕಲ್ಲಿನಲ್ಲಿ ಕೆತ್ತಿಸಿ ಇಷ್ಟು ಬರೆಯಿರಿ: "2061 ಜುಲೈ. ಬಾಲದ ಚುಕ್ಕಿ ಬರತದ. ಮಾಳಿಗಿ ಹತ್ತಿ ನೋಡ್ರಿ." ನನ್ನ ಹೆಸರು ಬೇಡ. ಮೂರನೇ ಇಯತ್ತೆಯಲ್ಲಿರುವ ನನ್ನ ಮೊಮ್ಮಗ ಆಗ ನಲವತ್ತು ದಾಟಿರುತ್ತಾನೆ, ಊರಲ್ಲಿ ಇರುತ್ತಾನೋ ಇಲ್ಲೋ. ಚುಕ್ಕಿ ಬರುವ ಬಗ್ಗೆ ನನಗೆ ಸಂಶಯವಿಲ್ಲ, ಹ್ಯಾಲಿಯ ಲೆಕ್ಕ ತಪ್ಪುವುದಿಲ್ಲ. ಆ ಗ್ವಾಡಿಯ ಮುಂದೆ ನಿಂತು ಕನ್ನಡದ ಆ ಸಾಲನ್ನು ಓದಿ ಮಾಳಿಗಿ ಹತ್ತುವವರು ಇರತಾರೋ ಇಲ್ಲೋ, ಅದೊಂದು ನೋಡಬೇಕಿತ್ತು.